ನಾಲಿಗೆ ಜುಮ್ಮೆಂದರೆ ತೆಪ್ಪಳ ಅಂತ ಸುಮ್ನಿರಬೇಡಿ

ಹೋದ ಸೆಪ್ಟೆಂಬರಿನ ಒಂದು ಭಾನುವಾರ ಕಾರವಾರದ ಹತ್ತಿರ ಮಾಜಾಳಿಯ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಬಾವ ಬೆಳಿಗ್ಗೆ ಇಳಿತದ ಹೊತ್ತಿಗೆ ಬಂಡೆಯಿಂದ ನೀಲಿಕಲ್ಲು, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ, ಕಿತ್ತು ತಂದಿದ್ದರು. ಅದರ ಸುಕ್ಕ, ಜೊತೆಗೆ ತೆಪ್ಪಳ (ನಾಲಿಗೆ ಜುಮ್ಮೆನ್ನಿಸುವ ಮಸಾಲೆ ಕಾಯಿ) ಹಾಕಿದ ಬಂಗಡೆ ಸಾರು. ಸುಕ್ಕ ಎರಡು ಸಲ ಬಡಿಸಿಕೊಂಡೆ.

ಅರ್ಧ ಗಂಟೆಯೊಳಗೆ ತುಟಿ, ನಾಲಿಗೆ ಜುಮುಜುಮು. "ಅಕ್ಕಾ, ತೆಪ್ಪಳ ಜಾಸ್ತಿ ಆಯ್ತು" ಅಂದೆ. ಎಲ್ಲರೂ ನಕ್ಕರು. ತೆಪ್ಪಳದ ಜುಮ್ಮು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಅಲ್ವಾ? ಇದು ಇಳಿಯಲಿಲ್ಲ. ಕೆನ್ನೆಗೆ ಹರಡಿತು, ಬೆರಳ ತುದಿಗೂ ಬಂತು. ಅಂಗಿಯ ಗುಂಡಿ ಹಿಡಿದರೆ ಹಿಡಿದ ಹಾಗೇ ಅನ್ನಿಸಲಿಲ್ಲ. ಆಗಲೂ ಕೋಕಂ ಹುಳಿಯ ಸೋಲ್ ಕಡಿ ಕುಡಿದು ಮಲಗಿದೆ. ಒಂದೂವರೆ ತಾಸು ಹಾಳು. ನಾನು ಮಾಡಿದ ದೊಡ್ಡ ತಪ್ಪು ಅದೇ.

ಎದ್ದಾಗ ಮಾತು ತೊದಲುತ್ತಿತ್ತು. ಕಾರವಾರದ ಒಂದು ಆಸ್ಪತ್ರೆಯಲ್ಲಿ ಮೊದಲು ಗ್ಯಾಸ್ ಅಂತ ಇಂಜೆಕ್ಷನ್ ಚುಚ್ಚಿ ಕಳಿಸಲು ನೋಡಿದರು. ಡ್ಯೂಟಿ ಬದಲಾಗಿ ಬಂದ ಡಾಕ್ಟರು ಮಾತ್ರ "ಏನು ತಿಂದ್ರಿ?" ಅಂತ ಕೇಳಿದರು. ಆ ಪ್ರಶ್ನೆಗೆ ಕಾಯಬೇಡಿ, ನೀವೇ ಮೊದಲು ಹೇಳಿ.

ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಇರಬಹುದು ಎಂದರು ಅವರು. ಪರೀಕ್ಷೆಗೆ ಕಳಿಸಲು ಸುಕ್ಕ ಉಳಿದಿರಲಿಲ್ಲ. ಕಣ್ಣಿಗೆ ಕಾಣದ ಕೆಲವು ಕಡಲ ಪಾಚಿಗಳು ಈ ವಿಷ ಮಾಡುತ್ತವೆ. ನೀಲಿಕಲ್ಲು, ಬಳಚು, ಕಲ್ಗ ಇಂಥ ಚಿಪ್ಪಿನ ಜೀವಿಗಳೆಲ್ಲವೂ ನೀರು ಸೋಸಿ ಆ ಪಾಚಿ ತಿನ್ನುತ್ತವೆ, ವಿಷ ಅವುಗಳ ಮೈಯಲ್ಲಿ ಕೂಡುತ್ತದೆ. ನಮ್ಮ ನರಕೋಶದ ಗೋಡೆಯಲ್ಲಿ ಸೋಡಿಯಂ ಒಳಬರಲು ಸಣ್ಣ ಬಾಗಿಲುಗಳಿವೆ. ಸೋಡಿಯಂ ನುಗ್ಗಿದರೇನೇ ನರದ ಸಂದೇಶ ಮುಂದೆ ಓಡುವುದು. ಈ ವಿಷ ಆ ಬಾಗಿಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಕೋಶ ಸಾಯುವುದಿಲ್ಲ, ಮೂಕವಾಗುತ್ತದೆ. ಮೊದಲು ತುಟಿ, ಬೆರಳು. ವಿಷ ಜಾಸ್ತಿಯಾದರೆ ಉಸಿರೆಳೆಯುವ ಸ್ನಾಯು. ಇದಕ್ಕೆ ಪ್ರತಿವಿಷ ಇಲ್ಲ. ಮೂತ್ರದಲ್ಲಿ ಹೊರಹೋಗುವ ತನಕ ಉಸಿರು ಕಾಯಬೇಕು, ಬೇಕಾದರೆ ವೆಂಟಿಲೇಟರ್. ನನಗೆ ಅಷ್ಟಾಗಲಿಲ್ಲ. ಬೆರಳಿಗೆ ಕ್ಲಿಪ್ಪು ಹಾಕಿಸಿಕೊಂಡು ರಾತ್ರಿ ಕಳೆದೆ.

"ಚೆನ್ನಾಗಿ ಬೇಯಿಸಿದ್ದೆವಲ್ಲ" ಎಂದು ಅಕ್ಕ ಅತ್ತಳು. ಕುದಿಸಿದರೂ ಈ ವಿಷ ಸಾಯದು. ಹುಳಿ, ಅರಿಶಿನಕ್ಕೂ ಜಗ್ಗದು. ವಾಸನೆಯಿಲ್ಲ, ರುಚಿಯಿಲ್ಲ. ಚಿಪ್ಪು ತಾಜಾ ಇದ್ದರೂ ಒಂದೇ. ಪಾಚಿ ಹೆಚ್ಚಿ ಕಡಲ ನೀರು ಕೆಂಪಾಗಿದ್ದರೆ ಕೀಳಲೇಬೇಡಿ, ಆದರೆ ತಿಳಿಯಾಗಿದೆ ಅಂತ ನಂಬಲೂ ಬೇಡಿ. ನಮ್ಮ ಕರಾವಳಿಗೆ ಇದು ಹೊಸತಲ್ಲ. 1983ರಲ್ಲಿ ಕುಂಬಳೆಯಲ್ಲಿ ಚಿಪ್ಪು ತಿಂದ ಹುಡುಗನೊಬ್ಬ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ 7 ಜನ.

ಬಾವ ಈಗಲೂ ತೆಪ್ಪಳದ ಮೇಲೇ ಹಾಕುತ್ತಾರೆ. ತಾನೂ ತಿಂದಿದ್ದೆ, ಏನೂ ಆಗಲಿಲ್ಲ ಅನ್ನುತ್ತಾರೆ. ಅವರು ತಿಂದದ್ದು ಐದಾರು ಕಲ್ಲು. ನಾನು ಮೂವತ್ತರ ಮೇಲೆ ಎಣಿಸಿರಲಿಲ್ಲ.