ಹಳೆಯ ಎಂಎಕ್ಸ್-5ಕ್ಕೆ ಹದಿನೈದು ಇಂಚಿನ ವೀಲ್ ಮತ್ತು ಸ್ಪೇಸರ್: ಬಳಸಿ ನೋಡಿದ ಮೇಲಿನ ವಿಮರ್ಶೆ

1989ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರನ್ನು ಪಕ್ಕದಿಂದ ನೋಡಿದರೆ ಚೆಂದ, ಹಿಂದಿನಿಂದ ನೋಡಿದರೆ ಮಾತ್ರ ಚಕ್ರಗಳು ಮಡ್‌ಗಾರ್ಡಿನ ಒಳಗೆ ಮುದುಡಿ ಕುಳಿತಂತೆ ಕಾಣುತ್ತದೆ. ಕಾರ್ಖಾನೆಯಿಂದ ಅದರೊಡನೆ ಬಂದದ್ದು 14 ಇಂಚು ವ್ಯಾಸದ, ಐದೂವರೆ ಇಂಚು ಅಗಲದ ವೀಲ್‌ಗಳು. ಈ ಕಾರನ್ನು ಇಟ್ಟುಕೊಂಡವರಲ್ಲಿ ಬಹುಪಾಲು ಜನರು ಇಂದಲ್ಲ ನಾಳೆ ಅವನ್ನು ಬದಲಿಸುವ ಯೋಚನೆಗೆ ಬರುತ್ತಾರೆ. ಯೋಚನೆ ಅಲ್ಲಿಗೆ ಬಂದ ಕೂಡಲೇ ಚಕ್ರವನ್ನು ಹೊರಕ್ಕೆ ಸರಿಸಲು ಅದರ ಹಿಂದೆ ಕೂರಿಸುವ ಸ್ಪೇಸರ್ ಎಂಬ ಅಲ್ಯೂಮಿನಿಯಂ ಬಿಲ್ಲೆಯ ಮಾತೂ ಬರುತ್ತದೆ. ನಾನು ಒಂದೇ ಕಾರಿನ ಮೇಲೆ ಮೂರು ಜೋಡಣೆಗಳನ್ನು ಹಾಕಿ ಓಡಿಸಿದ್ದೇನೆ. ಎರಡನೇ ತಲೆಮಾರಿನ ಕಾರಿನ 15 ಇಂಚಿನ ವೀಲ್ ಮತ್ತು 20 ಮಿ.ಮೀ. ದಪ್ಪದ ಬೋಲ್ಟ್-ಆನ್ ಸ್ಪೇಸರ್ ಮೊದಲನೆಯದು. ಏಳು ಇಂಚು ಅಗಲದ, 35 ಆಫ್‌ಸೆಟ್‌ನ ಬೇರೆ ತಯಾರಿಕೆಯ ವೀಲ್ ಎರಡನೆಯದು. ಅದೇ ವೀಲ್‌ನ ಹಿಂದೆ 5 ಮಿ.ಮೀ. ತಟ್ಟೆ ಸೇರಿಸಿದ್ದು ಮೂರನೆಯದು. ನನ್ನ ಮಟ್ಟಿಗೆ ಗೆದ್ದದ್ದು ಎರಡನೆಯದು, ಎಂದರೆ ಸ್ಪೇಸರ್ ಇಲ್ಲದ ಜೋಡಣೆ. ಆದರೆ ಉಳಿದೆರಡನ್ನು ತಳ್ಳಿಹಾಕುವಷ್ಟು ಸರಳವಾದ ವಿಷಯ ಇದಲ್ಲ.

ಎಲ್ಲವೂ ಆಫ್‌ಸೆಟ್ ಲೆಕ್ಕದ ಮೇಲೆ ನಿಂತಿದೆ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಯಿಂದ ಹಬ್ಬಿಗೆ (ವೀಲನ್ನು ಬಿಗಿಯುವ ಅಚ್ಚಿನ ತುದಿಯ ಭಾಗಕ್ಕೆ) ಕೂರುವ ಮುಖ ಎಷ್ಟು ಹೊರಗಿದೆ ಎಂಬುದೇ ಆಫ್‌ಸೆಟ್. ಕಾರ್ಖಾನೆಯ ವೀಲ್‌ನಲ್ಲಿ ಅದು 45 ಮಿ.ಮೀ. ಐದೂವರೆ ಇಂಚಿನ ಅರ್ಧ ಸುಮಾರು 70 ಮಿ.ಮೀ. ಆಗುವುದರಿಂದ, ಹಬ್ಬಿನ ಮುಖದಿಂದ ಹೊರಕ್ಕೆ ರಿಮ್ಮು ಚಾಚಿಕೊಂಡಿರುವುದು ಬರೀ 25 ಮಿ.ಮೀ., ಒಳಕ್ಕೆ ಸೇರಿಕೊಂಡಿರುವುದು 115 ಮಿ.ಮೀ. ಚಕ್ರ ಒಳಗೆ ಮುದುಡಿದಂತೆ ಕಾಣುವುದಕ್ಕೆ ಕಾರಣ ಇದೇ. ಏಳು ಇಂಚು ಅಗಲದ, 35 ಆಫ್‌ಸೆಟ್‌ನ ವೀಲ್ ಹಾಕಿದರೆ ಹೊರಕ್ಕೆ 54, ಒಳಕ್ಕೆ 124 ಮಿ.ಮೀ. ಆಗುತ್ತದೆ, ಅಂದರೆ ಹೊರ ಅಂಚು 29 ಮಿ.ಮೀ. ಮುಂದೆ ಬಂದರೆ ಒಳ ಅಂಚು 9 ಮಿ.ಮೀ. ಮಾತ್ರ ಸಸ್ಪೆನ್ಷನ್ ಕಡೆಗೆ ಸರಿಯುತ್ತದೆ. ಇನ್ನು ಎರಡನೇ ತಲೆಮಾರಿನ ಆರು ಇಂಚಿನ, 40 ಆಫ್‌ಸೆಟ್‌ನ ವೀಲ್‌ಗೆ 20 ಮಿ.ಮೀ. ಸ್ಪೇಸರ್ ಸೇರಿಸಿದಾಗ ಹೊರ ಅಂಚು ಹಬ್ಬಿನಿಂದ 56 ಮಿ.ಮೀ. ದೂರಕ್ಕೆ ಬರುತ್ತದೆ. ಕಣ್ಣಳತೆಗೆ ಎರಡೂ ಒಂದೇ. ಹಿಂದೆ ನಿಂತು ನೋಡುವವನಿಗೆ ವ್ಯತ್ಯಾಸ ಹೇಳಲಾಗದು.

ಸ್ಟಿಯರಿಂಗ್ ಹಿಡಿದವನಿಗೆ ಮಾತ್ರ ಅದು ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಮುಂದಿನ ಚಕ್ರ ಯಾವ ಓರೆ ಅಕ್ಷದ ಸುತ್ತ ತಿರುಗುತ್ತದೆಯೋ ಆ ಅಕ್ಷ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಆ ಅಂತರವನ್ನು ಹೆಚ್ಚಿಸುವುದು ರಿಮ್ಮಿನ ಅಗಲವಲ್ಲ, ನಡುಗೆರೆ ಎಷ್ಟು ಹೊರಗೆ ಸರಿಯಿತು ಎಂಬುದು. ಏಳು ಇಂಚಿನ ವೀಲ್‌ನಲ್ಲಿ ನಡುಗೆರೆ 10 ಮಿ.ಮೀ. ಸರಿದರೆ, ಸ್ಪೇಸರ್ ಜೋಡಣೆಯಲ್ಲಿ ಆಫ್‌ಸೆಟ್ 45ರಿಂದ 20ಕ್ಕೆ ಇಳಿದು ಅದು 25 ಮಿ.ಮೀ. ಸರಿಯುತ್ತದೆ. ನನ್ನ ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲದಿರುವುದರಿಂದ ಈ 15 ಮಿ.ಮೀ. ವ್ಯತ್ಯಾಸವನ್ನು ತೋಳುಗಳೇ ಅಳೆದು ಹೇಳುತ್ತಿದ್ದವು. ನಿಲ್ಲಿಸುವ ಜಾಗದಲ್ಲಿ ಸ್ಟಿಯರಿಂಗ್ ಭಾರವಾಯಿತು. ಒಂದು ಬದಿಯ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಕೈಗೆ ಸ್ಪಷ್ಟವಾದ ಎಳೆತ ಬಂದಿತು. ವಾಹನಗಳ ಓಡಾಟಕ್ಕೆ ಸವೆದು ಜಾಡು ಬಿದ್ದ ರಸ್ತೆಯಲ್ಲಿ ಕಾರು ತನ್ನಿಚ್ಛೆಯಂತೆ ಅತ್ತಿತ್ತ ಮೂಗು ತಿರುಗಿಸತೊಡಗಿತು. ತೊಷಿಹಿಕೊ ಹಿರಾಯ್ ಅವರ ತಂಡ ಗ್ರಾಂ ಗ್ರಾಂ ತೂಕ ಉಳಿಸಿ ಕಟ್ಟಿದ ಈ ಕಾರಿನ ಅತಿ ದೊಡ್ಡ ಸೊತ್ತೆಂದರೆ ಅದರ ಸ್ಟಿಯರಿಂಗ್ ಕೈಗೆ ಕೊಡುವ ಸುದ್ದಿ. ನೋಟಕ್ಕಾಗಿ ಅದನ್ನು ಬಿಟ್ಟುಕೊಡುವುದು ನನಗೆ ಲಾಭದ ವ್ಯಾಪಾರವಾಗಿ ಕಾಣಲಿಲ್ಲ. ವೀಲ್ ಬೇರಿಂಗಿನ ಮೇಲೂ ಇದೇ ಲೆಕ್ಕ ಅನ್ವಯಿಸುತ್ತದೆ. ಭಾರ ಹೊರಗೆ ಸರಿದಷ್ಟೂ, ಉದ್ದ ಕೋಲಿನ ತುದಿಗೆ ಕೊಡ ತೂಗುಹಾಕಿ ಹೊತ್ತಂತೆ, ಬೇರಿಂಗು ಹೆಚ್ಚಿನ ತಿರುಚುವ ಬಲವನ್ನು ತಡೆಯಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಬೋಲ್ಟ್-ಆನ್ ಸ್ಪೇಸರನ್ನು ಒಂದು ವಸ್ತುವಾಗಿ ನೋಡಿದರೆ ನನ್ನ ತಕರಾರು ಕಡಿಮೆ. ನಾನು ಬಳಸಿದ ಜೊತೆ ಫೋರ್ಜ್ ಮಾಡಿದ ಅಲ್ಯೂಮಿನಿಯಂನದು, ಒಂದೊಂದರ ತೂಕ ಸುಮಾರು ಮುಕ್ಕಾಲು ಕಿಲೋ. ಅಂಚುಗಳಲ್ಲಿ ಎಲ್ಲೂ ಒರಟು ಕಾಣಲಿಲ್ಲ, ನಡುವಿನ ರಂಧ್ರ ಈ ಕಾರಿನ ಹಬ್ಬಿನ 54.1 ಮಿ.ಮೀ. ಅಳತೆಗೆ ಸರಿಯಾಗಿ, ಒತ್ತಿದರೆ ಮಾತ್ರ ಒಳಗಿಳಿಯುವಷ್ಟು ಬಿಗಿಯಾಗಿ ಕೂತಿತು. ಹೊರಮುಖದಲ್ಲಿ ವೀಲ್‌ಗಾಗಿ ಅದೇ ಅಳತೆಯ ಉಬ್ಬು ಬಳೆಯೂ ಇತ್ತು. ಸ್ಪೇಸರ್ ತನ್ನದೇ ನಾಲ್ಕು ನಟ್‌ಗಳಿಂದ ಹಬ್ಬಿಗೆ ಬಿಗಿಯಾಗುತ್ತದೆ, ವೀಲ್ ಸ್ಪೇಸರಿನಲ್ಲಿರುವ ಹೊಸ ಸ್ಟಡ್‌ಗಳಿಗೆ (ನಟ್ ತಿರುಗಿಸಿ ಕೂರಿಸುವ ಮೊಳೆಗಳಿಗೆ) ಬಿಗಿಯಾಗುತ್ತದೆ. ತೊಡಕು ಇರುವುದು ಹಳೆಯ ಸ್ಟಡ್‌ಗಳ ತುದಿಯಲ್ಲಿ. 20 ಮಿ.ಮೀ. ದಪ್ಪದ ಬಿಲ್ಲೆಯನ್ನು ದಾಟಿ ಅವು ಸ್ವಲ್ಪ ಹೊರಗೆ ಇಣುಕುತ್ತವೆ. ವೀಲ್‌ನ ಹಿಂಬದಿಯಲ್ಲಿ, ನಟ್ ರಂಧ್ರಗಳ ನಡುವೆ, ಎರಕದಲ್ಲೇ ಬಿಟ್ಟ ಕುಳಿಗಳಿದ್ದರೆ ಆ ತುದಿಗಳು ಅದರೊಳಗೆ ಅಡಗುತ್ತವೆ. ಕುಳಿ ಇಲ್ಲದ ವೀಲ್‌ಗಳಲ್ಲಿ ವೀಲ್ ಮತ್ತು ಸ್ಪೇಸರ್ ಮುಖಕ್ಕೆ ಮುಖ ಕೂರುವುದೇ ಇಲ್ಲ, ನಟ್ ಎಷ್ಟೇ ತಿರುಗಿಸಿದರೂ ಬಿಗಿತ ಸ್ಟಡ್‌ನ ತುದಿಯ ಮೇಲೆ ನಿಂತಿರುತ್ತದೆ. ಕೊಳ್ಳುವ ಮುನ್ನ ವೀಲನ್ನು ಬೋರಲು ಹಾಕಿ ಹಿಂಬದಿಯನ್ನು ನೋಡುವುದು ಕಡ್ಡಾಯ. ಕುಳಿಯಲ್ಲಿ ಸ್ವಲ್ಪ ಜೇಡಿಮಣ್ಣು ಮೆತ್ತಿ, ವೀಲ್ ಕೂರಿಸಿ ತೆಗೆದರೆ ಸ್ಟಡ್‌ನ ಗುರುತು ಎಷ್ಟು ಆಳಕ್ಕೆ ಬಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ. ಸ್ಟಡ್ ಕತ್ತರಿಸಿಬಿಡಿ ಎನ್ನುವವರಿದ್ದಾರೆ. ಕತ್ತರಿಸಿದ ಮೇಲೆ ಸ್ಪೇಸರ್ ಇಲ್ಲದೆ ಕಾರ್ಖಾನೆಯ ವೀಲ್ ಹಾಕಲಾಗದು ಎಂಬುದನ್ನು ಅವರು ಹೇಳುವುದಿಲ್ಲ.

5 ಮಿ.ಮೀ. ತಟ್ಟೆಯ ಕಥೆ ಬೇರೆ. ಅದಕ್ಕೆ ಸ್ವಂತ ಸ್ಟಡ್ ಇಲ್ಲ. ಹಬ್ಬಿಗೂ ವೀಲ್‌ಗೂ ನಡುವೆ ಸುಮ್ಮನೆ ತೂರಿಸುವುದಷ್ಟೆ. ತೆಳ್ಳಗಿದೆ ಎಂಬ ಕಾರಣಕ್ಕೆ ಇದನ್ನು ನಿರಪಾಯಕಾರಿ ಎಂದು ತಿಳಿಯುವವರು ಹೆಚ್ಚು, ನನಗೆ ಮಾತ್ರ ದಪ್ಪ ಸ್ಪೇಸರಿಗಿಂತ ಇದರ ಬಗ್ಗೆಯೇ ಹೆಚ್ಚು ಎಚ್ಚರ. ಈ ಕಾರಿನ ಸ್ಟಡ್ 12 ಮಿ.ಮೀ. ವ್ಯಾಸದ್ದು, ಮರೆಯ (ಥ್ರೆಡ್‌ನ) ಅಂತರ 1.5 ಮಿ.ಮೀ. ಸ್ಟಡ್‌ನ ವ್ಯಾಸದಷ್ಟಾದರೂ ಉದ್ದ ನಟ್ ಮರೆಯನ್ನು ಹಿಡಿದಿರಬೇಕು ಎಂಬುದು ಸಾಮಾನ್ಯ ನಿಯಮ; ಅಂದರೆ ಕೈಯಲ್ಲಿ ತಿರುಗಿಸುವಾಗ ನಟ್ ಕೂರುವ ಮೊದಲು ಕನಿಷ್ಠ ಎಂಟು ಪೂರ್ತಿ ಸುತ್ತು ತಿರುಗಬೇಕು. 5 ಮಿ.ಮೀ. ತಟ್ಟೆ ಮೂರು ಸುತ್ತಿಗೂ ಹೆಚ್ಚನ್ನು ನುಂಗಿಹಾಕುತ್ತದೆ. ಅದರ ಮೇಲೆ ಹೊಸ ವೀಲ್‌ನ ನಡುಭಾಗ ಕಾರ್ಖಾನೆಯದಕ್ಕಿಂತ ದಪ್ಪವಾಗಿದ್ದರೆ ಸುತ್ತುಗಳು ಇನ್ನೂ ಕಡಿಮೆಯಾಗುತ್ತವೆ. ನಾನು ತಟ್ಟೆ ಹಾಕುವ ಮೊದಲು ಹಬ್ಬಿನ ಸ್ಟಡ್‌ಗಳನ್ನು ಉದ್ದನೆಯವಕ್ಕೆ ಬದಲಿಸಿದೆ. ಆ ಕೆಲಸ ಮಾಡಿಸಲು ಮನಸ್ಸಿಲ್ಲದವರು ತಟ್ಟೆಯನ್ನು ಕೊಳ್ಳದಿರುವುದೇ ಮೇಲು. ಹಬ್ಬಿನ ನಡುವಿನ ಉಬ್ಬು ಬಳೆಯ ಎತ್ತರದಲ್ಲಿ ಬಹುಭಾಗವನ್ನು ತಟ್ಟೆಯೇ ಆವರಿಸುವುದು ಇನ್ನೊಂದು ಕೊರತೆ. ಆಗ ವೀಲನ್ನು ನಡುವಿಗೆ ತರುವ ಹೊಣೆ ನಟ್‌ಗಳ ಶಂಕುವಿನಾಕಾರದ ಕೆನ್ನೆಗಳ ಮೇಲೆ ಬೀಳುತ್ತದೆ. ಚಕ್ರವನ್ನು ನೆಲದಿಂದ ಎತ್ತಿದ ಸ್ಥಿತಿಯಲ್ಲಿ, ಎದುರುಬದುರಿನ ನಟ್‌ಗಳನ್ನು ಹಂತಹಂತವಾಗಿ ಬಿಗಿದರೆ ಅದು ಸಾಧ್ಯ, ಆದರೆ ಅವಸರಕ್ಕೆ ಅಲ್ಲಿ ಜಾಗವಿಲ್ಲ.

ಇಲ್ಲೊಂದು ಬೇಸರದ ಸಂಗತಿಯನ್ನೂ ದಾಖಲಿಸಬೇಕು. ಮೊದಲು ತರಿಸಿದ ತಟ್ಟೆಗಳ ಪೊಟ್ಟಣದ ಮೇಲೆ ಈ ಕಾರಿನ ಹೆಸರೇ ಅಚ್ಚಾಗಿತ್ತು. ಆದರೆ ನಡುರಂಧ್ರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದಾಗ ಹಬ್ಬಿಗಿಂತ ಎಷ್ಟೋ ದೊಡ್ಡದಿತ್ತು, ನಾಲ್ಕು ರಂಧ್ರಗಳ ಬದಲು ಹಲವು ಬಗೆಯ ಕಾರುಗಳಿಗೆ ಹೊಂದಲೆಂದು ಉದ್ದುದ್ದ ಸೀಳುಗಳನ್ನು ಕೊರೆದಿದ್ದರು, ಬಿಲ್ಲೆಯ ದಪ್ಪವೂ ಎಲ್ಲ ಕಡೆ ಒಂದೇ ಇರಲಿಲ್ಲ. ಎಲ್ಲ ಕಾರುಗಳಿಗೂ ಹೊಂದುತ್ತದೆ ಎಂದು ಹೇಳುವ ತಟ್ಟೆ ಯಾವ ಕಾರಿಗೂ ಸರಿಯಾಗಿ ಹೊಂದುವುದಿಲ್ಲ. ಅದನ್ನು ಹಬ್ಬಿಗೆ ಹಾಕದೆಯೇ ಹಿಂದಿರುಗಿಸಿದೆ, ಎರಡನೆಯ ತಯಾರಕರದು ಅಳತೆಗೆ ಸರಿಯಾಗಿತ್ತು.

ಬೇರೆ ತಯಾರಿಕೆಯ ವೀಲ್‌ಗಳ ನಡುರಂಧ್ರವನ್ನು ಸಾಮಾನ್ಯವಾಗಿ ದೊಡ್ಡದಾಗಿಯೇ ಕೊರೆದಿರುತ್ತಾರೆ, ನನ್ನವು 73.1 ಮಿ.ಮೀ.; ನಡುವಿನ ಸಂದನ್ನು ತುಂಬಲು ಬಳೆಗಳು ಬೇಕು. ಪ್ಲಾಸ್ಟಿಕ್ ಬಳೆ ಸಾಕೇ ಎಂದು ಅನುಮಾನಿಸುವವರಿಗೆ ಒಂದು ಮಾತು: ಆ ಬಳೆ ಭಾರ ಹೊರುವುದಿಲ್ಲ, ನಟ್ ಬಿಗಿಯುವವರೆಗೆ ವೀಲನ್ನು ನಡುವಿನಲ್ಲಿ ಹಿಡಿದಿಡುತ್ತದೆ ಅಷ್ಟೆ. ಭಾರವನ್ನು ಹೊರುವುದು ಬಿಗಿದ ಎರಡು ಮುಖಗಳ ನಡುವಿನ ಘರ್ಷಣೆ. ಆದ್ದರಿಂದಲೇ ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಬರಿಯ ಲೋಹ ಕಾಣುವವರೆಗೆ ಉಜ್ಜುವುದು ಮುಖ್ಯ. ಮೂವತ್ತು ವರ್ಷ ದಾಟಿದ ಹಬ್ಬಿನ ಮೇಲೆ ಸ್ಟಡ್‌ಗಳ ಬುಡದ ಸುತ್ತ ಚಕ್ಕೆಗಟ್ಟಿದ ತುಕ್ಕು ಕೂತಿರುತ್ತದೆ. ಅದರ ಮೇಲೆ ತಟ್ಟೆ ಕೂರಿಸಿದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ನಿಲ್ಲುವುದಿಲ್ಲ. ನಟ್‌ಗೆ ಕಾರ್ಖಾನೆ ಹೇಳಿದ ಬಿಗಿತ 88ರಿಂದ 118 ನ್ಯೂಟನ್ ಮೀಟರ್. ಮರೆಗೆ ಗ್ರೀಸ್ ಸವರಬಾರದು, ಸವರಿದರೆ ಅದೇ ಟಾರ್ಕ್‌ಗೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ. ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಬೇಕು, ಬೋಲ್ಟ್-ಆನ್ ಸ್ಪೇಸರ್ ಇದ್ದರೆ ವೀಲ್ ಕಳಚಿ ಒಳಗಿನ ನಟ್‌ಗಳನ್ನೂ ನೋಡಬೇಕು. ಈ ಎರಡನೆಯ ಕೆಲಸವನ್ನು ಯಾರೂ ಮಾಡುವುದಿಲ್ಲ ಎಂಬುದೇ ಬೋಲ್ಟ್-ಆನ್ ಸ್ಪೇಸರಿನ ನಿಜವಾದ ಅಪಾಯ.

ಟೈರಿನ ವಿಷಯದಲ್ಲಿ ಚಿಂತೆಗೆ ಕಾರಣವಿಲ್ಲ. ಕಾರ್ಖಾನೆಯ 185/60 ಅಳತೆಯ 14 ಇಂಚಿನ ಟೈರಿನ ವ್ಯಾಸ ಸುಮಾರು 578 ಮಿ.ಮೀ., 195/50 ಅಳತೆಯ 15 ಇಂಚಿನದು 576; ಸ್ಪೀಡೋಮೀಟರ್ ಮೊದಲಿನಷ್ಟೇ ಸತ್ಯ ಹೇಳುತ್ತದೆ. ಏಳು ಇಂಚಿನ ವೀಲ್ ತಟ್ಟೆಯಿಲ್ಲದೆ ನನ್ನ ಕಾರಿನಲ್ಲಿ ಎಲ್ಲೂ ಉಜ್ಜಲಿಲ್ಲ. ಈ ಕಾರಿನ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಚಕ್ರ ಮೇಲೇರಿದಂತೆ ಟೈರಿನ ತಲೆಯನ್ನು ಒಳಕ್ಕೆ ಓರೆ ಮಾಡುವುದು ಇದಕ್ಕೆ ನೆರವಾಗುತ್ತದೆ. 5 ಮಿ.ಮೀ. ಸೇರಿಸಿದಾಗ ಇಬ್ಬರು ಕೂತು ಉಬ್ಬು ಹಾರಿಸಿದ ಸಂದರ್ಭದಲ್ಲಿ ಹಿಂದಿನ ಮಡ್‌ಗಾರ್ಡಿನ ಒಳಮಡಿಕೆ ಟೈರಿನ ಭುಜಕ್ಕೆ ತಾಗಿತು. ಆ ಮಡಿಕೆಯನ್ನು ರೋಲರಿನಿಂದ ಚಪ್ಪಟೆ ಮಾಡಬಹುದು, ಬಣ್ಣ ಬಿರಿಯದಂತೆ ಹೀಟ್ ಗನ್‌ನಿಂದ ಬಿಸಿ ಮಾಡುತ್ತಾ. ಆದರೆ ಹಳೆಯ ತಗಡಿನಲ್ಲಿ ಮಡಿಕೆಯೊಳಗಿನ ಸೀಲಂಟ್ ಒಡೆದರೆ ತುಕ್ಕಿಗೆ ಬಾಗಿಲು ತೆರೆದಂತೆಯೇ. 5 ಮಿ.ಮೀ. ಚೆಂದಕ್ಕಾಗಿ ನಾನದನ್ನು ಮಾಡಲಿಲ್ಲ.

ತೂಕದ ಬಗ್ಗೆಯೂ ಒಂದು ಮಾತಿದೆ. ಏಳು ಕಡ್ಡಿಯ ಕಾರ್ಖಾನೆ ಅಲಾಯ್ ವೀಲ್ ಐದೂವರೆ ಕಿಲೋ ಆಸುಪಾಸಿನಷ್ಟು ಹಗುರ. ಅದನ್ನು ತೆಗೆದು ಭಾರದ ವೀಲ್ ಹಾಕಿದರೆ ಸಣ್ಣ ಉಬ್ಬುತಗ್ಗುಗಳ ಮೇಲೆ ಕಾರು ಮೊದಲಿನಷ್ಟು ಚುರುಕಾಗಿರುವುದಿಲ್ಲ, ಆದ್ದರಿಂದ ತೂಕ ನಮೂದಿಸದ ವೀಲನ್ನು ಕೊಳ್ಳುವ ಮೊದಲು ತಕ್ಕಡಿಗೆ ಹಾಕಿಸಿ.

ಹಾಗಾದರೆ ಸ್ಪೇಸರ್ ಯಾರಿಗೆ ಬೇಕು? ದೊಡ್ಡ ಬ್ರೇಕ್ ಕ್ಯಾಲಿಪರ್ ಹಾಕಿಸಿಕೊಂಡು, ಅದು ವೀಲ್‌ನ ಕಡ್ಡಿಗಳ ಹಿಂಬದಿಗೆ ಕೂದಲೆಳೆಯಷ್ಟರಲ್ಲಿ ತಾಗುವವರಿಗೆ 5 ಮಿ.ಮೀ. ತಟ್ಟೆ ಸರಿಯಾದ ಉತ್ತರ, ಉದ್ದನೆಯ ಸ್ಟಡ್ ಜೊತೆಗಿದ್ದರೆ. ಕಾರ್ಖಾನೆಯ ವೀಲ್‌ನ ವಿನ್ಯಾಸವನ್ನೇ ಪ್ರೀತಿಸಿ, ಅದನ್ನು ಬಿಡದೆ ಮಡ್‌ಗಾರ್ಡನ್ನು ತುಂಬಬೇಕೆನ್ನುವವರಿಗೆ ಉತ್ತಮ ದರ್ಜೆಯ ಬೋಲ್ಟ್-ಆನ್ ಬಿಟ್ಟು ಬೇರೆ ದಾರಿಯಿಲ್ಲ. ಅವರು ಹಿಂದಿನ ಚಕ್ರಗಳಿಗೆ ಮಾತ್ರ ಹಾಕಿಸಿದರೆ ಸ್ಟಿಯರಿಂಗ್ ಕೆಡದೆ ಉಳಿಯುತ್ತದೆ. ವೀಲ್ ಹೊಸದಾಗಿ ಕೊಳ್ಳುವವರು ಮಾತ್ರ ಸರಿಯಾದ ಆಫ್‌ಸೆಟ್‌ನದನ್ನೇ ಹುಡುಕಬೇಕು. ತಪ್ಪು ಆಫ್‌ಸೆಟ್‌ನ ಅಗ್ಗದ ವೀಲ್ ಕೊಂಡು ಸ್ಪೇಸರಿನಿಂದ ತಿದ್ದುತ್ತೇನೆ ಎನ್ನುವುದು ದುಡ್ಡಿನ ಲೆಕ್ಕದಲ್ಲೂ ಕೈಗೂಡುವುದಿಲ್ಲ. ಸ್ಪೇಸರಿಗೆ ಪರೀಕ್ಷಾ ಪತ್ರ ಕೇಳುವ ದೇಶಗಳೂ ಇವೆ, ಜರ್ಮನಿ ಅವುಗಳಲ್ಲಿ ಒಂದು. ಆ ಪತ್ರ ಇರುವ ತಯಾರಿಕೆಯನ್ನು ಆರಿಸಿದರೆ ಎಲ್ಲಿದ್ದರೂ ಗುಣಮಟ್ಟದ ಬಗ್ಗೆ ಒಂದು ಭರವಸೆ ಸಿಗುತ್ತದೆ.

ಉದ್ದನೆಯ ಸ್ಟಡ್ ಹಾಕಿಸಿದವರು ಸ್ಟೆಪ್ನಿಯನ್ನು ಮರೆಯಬಾರದು. ಉಕ್ಕಿನ ಸ್ಟೆಪ್ನಿಯ ನಡುಭಾಗ ತೆಳ್ಳಗಿರುವುದರಿಂದ, ತುದಿ ಮುಚ್ಚಿದ ನಟ್ ಹಾಕಿದರೆ ಸ್ಟಡ್‌ನ ತುದಿ ನಟ್‌ನ ತಳವನ್ನು ಮುಟ್ಟಿ, ಚಕ್ರ ಬಿಗಿಯಾಗದಿದ್ದರೂ ಬಿಗಿಯಾದಂತೆ ಪಾನಾ ಹೇಳುತ್ತದೆ. ಎರಡೂ ಕಡೆ ತೆರೆದ ನಾಲ್ಕು ನಟ್‌ಗಳನ್ನು ಡಿಕ್ಕಿಯಲ್ಲಿ ಜ್ಯಾಕಿನ ಜೊತೆಗೇ ಕಟ್ಟಿಡಿ.