ಫೋನಿನ ಅಲುಗಾಟ ಓದೋಕೆ ಬ್ರೌಸರ್ ಸಾಕಾ, ನೇಟಿವ್ ಆ್ಯಪ್ ಬೇಕಾ?

ಹಗ್ಗದಾಟ ಆಡುವಾಗ ಎಷ್ಟು ಸಲ ನೆಗೆದೆ ಅಂತ ಜೇಬಿನಲ್ಲಿರುವ ಫೋನೇ ಎಣಿಸಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಫೋನಿನಲ್ಲಿ ಅಲುಗಾಟ ಅಳೆಯುವ ಸೆನ್ಸರ್, ಆಕ್ಸಿಲರೋಮೀಟರ್, ಹೇಗೂ ಇದೆ ಅಲ್ವಾ, ನಾಲ್ಕು ಸಾಲು ಕೋಡ್ ಬರೆದರೆ ಆಯ್ತು ಅಂದುಕೊಂಡೆ. ಆದರೆ ಅದನ್ನು ಓದೋಕೆ ಹಲವು ದಾರಿಗಳಿವೆ. ಬ್ರೌಸರ್, ಆಂಡ್ರಾಯ್ಡ್‌ನ ಸೆನ್ಸರ್ ಮ್ಯಾನೇಜರ್, ಐಫೋನ್‌ನ ಕೋರ್ ಮೋಷನ್, ಎರಡೂ ಕಡೆ ಓಡುವ ಫ್ಲಟರ್. ನಡುವಿನ ಎರಡು ನೇಟಿವ್, ಅಂದರೆ ಆಯಾ ಫೋನಿಗೆಂದೇ ಬರೆಯುವ ದಾರಿ. ನಾಲ್ಕರಲ್ಲೂ ಅದೇ ಎಣಿಕೆಯನ್ನು ಬರೆದು ನೋಡಿದೆ.

ಮೊದಲು ಬ್ರೌಸರ್. ಶುರು ಮಾಡೋಕೆ ಇದರಷ್ಟು ಸಲೀಸು ಬೇರೆ ಇಲ್ಲ. ಡಿವೈಸ್‌ಮೋಷನ್ ಈವೆಂಟ್‌ಗೆ ಒಂದು ಫಂಕ್ಷನ್ ಕೊಟ್ಟರೆ ಮೂರು ದಿಕ್ಕಿಗೆ ಒಂದೊಂದರಂತೆ ಎಕ್ಸ್, ವೈ, ಝಡ್ ಅಂಕಿಗಳು ಬರತೊಡಗುತ್ತವೆ. ಪೇಜ್ ಎಚ್‌ಟಿಟಿಪಿಎಸ್‌ನಲ್ಲಿ ಇರಬೇಕು. ಐಒಎಸ್ 13ರಿಂದ ಈಚೆಗೆ ಐಫೋನ್‌ನಲ್ಲಿ ಅನುಮತಿಯನ್ನೂ ಕೇಳಬೇಕು, ಅದೂ ಬಳಸುವವರು ಏನಾದರೂ ಒತ್ತಿದಾಗಲೇ. ನಾನು ಪೇಜ್ ತೆರೆದ ಕೂಡಲೇ ಕೇಳುವ ಹಾಗೆ ಬರೆದಿದ್ದೆ. ಒಂದು ಅಂಕಿಯೂ ಬರಲಿಲ್ಲ. ಆ ಸಾಲನ್ನು 'ಶುರು' ಬಟನ್ ಒಳಗೆ ಹಾಕಿದ ಮೇಲೆ ಎಲ್ಲ ಸರಿಹೋಯಿತು. ಕ್ರೋಮ್‌ನಲ್ಲಿ ಜೆನೆರಿಕ್ ಸೆನ್ಸರ್ ಅನ್ನುವ ಇನ್ನೊಂದು ಎಪಿಐ (ಕೋಡ್ ಮೂಲಕ ಸೆನ್ಸರ್ ಓದುವ ದಾರಿ) ಇದೆ, ಬರೆಯೋಕೆ ಇನ್ನೂ ಚೆನ್ನ. ಆದರೆ ಸಫಾರಿಯಲ್ಲಿ ಇಲ್ಲದ್ದರಿಂದ ಬಿಟ್ಟೆ.

ಬ್ರೌಸರ್ ಸೋತದ್ದು ಜೇಬಿನಲ್ಲಿ. ಪೇಜ್ ಕಣ್ಣೆದುರು ಇದ್ದರೆ ಮಾತ್ರ ಅಂಕಿ ಬರುತ್ತದೆ, ಸ್ಕ್ರೀನ್ ಆರಿದರೆ ಎಣಿಕೆಯೂ ನಿಂತಿತು. ಸ್ಕ್ರೀನ್ ಆರದ ಹಾಗೆ ಹಿಡಿದಿಡಬಹುದು, ಆದರೆ ಜೇಬಿನ ಬಟ್ಟೆ ತಾಗಿ ಬಟನ್‌ಗಳು ಒತ್ತಿಕೊಳ್ಳುತ್ತಿದ್ದವು.

ಆಂಡ್ರಾಯ್ಡ್‌ನ ನೇಟಿವ್ ದಾರಿಯಲ್ಲಿ ಕೆಲಸ ಜಾಸ್ತಿ, ಹಿಡಿತವೂ ಜಾಸ್ತಿ. ಇಲ್ಲಿ ನಾನು ಕಲಿತದ್ದು ವೇಗದ ವಿಷಯ. ಲಿಸನರ್ (ಅಂಕಿ ಬಂದಾಗಲೆಲ್ಲ ಓಡುವ ಕೋಡ್) ಹಾಕುವಾಗ 'ನಾರ್ಮಲ್' ಅಂದರೆ 200 ಮಿಲಿಸೆಕೆಂಡಿಗೆ ಒಂದು ಅಂಕಿ, ಸೆಕೆಂಡಿಗೆ ಐದು. 'ಗೇಮ್' ಅಂದರೆ 20 ಮಿಲಿಸೆಕೆಂಡು, ಸೆಕೆಂಡಿಗೆ ಐವತ್ತು. ನಾನು ಸೆಕೆಂಡಿಗೆ ಸುಮಾರು ಎರಡು ಸಲ ನೆಗೆಯುತ್ತೇನೆ. ಕಾಲು ನೆಲಕ್ಕೆ ಬಡಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. 'ನಾರ್ಮಲ್'ನಲ್ಲಿ ಆ ಬಡಿತ ಎರಡು ಅಂಕಿಗಳ ನಡುವೆ ಕಳೆದುಹೋಗುತ್ತಿತ್ತು, ಎಷ್ಟೋ ನೆಗೆತ ಲೆಕ್ಕಕ್ಕೇ ಬರಲಿಲ್ಲ. 'ಗೇಮ್' ಹಾಕಿದೆ, ಗ್ರಾಫ್‌ನಲ್ಲಿ ಪ್ರತಿ ನೆಗೆತವೂ ಒಂದೊಂದು ಚೂಪಾದ ಗುಡ್ಡೆಯಾಗಿ ಎದ್ದು ಕಂಡಿತು. ನೋಡಿ ತುಂಬಾ ಖುಷಿಯಾಯಿತು. ಒಂದು ಮಾತು: ನಾವು ಕೇಳಿದ ವೇಗ ಬರೀ ಸೂಚನೆ, ಅಂಕಿಗಳು ಅಷ್ಟೇ ಅಂತರದಲ್ಲಿ ಬರುತ್ತವೆ ಅಂತಿಲ್ಲ. ಪ್ರತಿ ಅಂಕಿಯ ಜೊತೆ ನ್ಯಾನೊಸೆಕೆಂಡ್ ಲೆಕ್ಕದ ಟೈಮ್‌ಸ್ಟ್ಯಾಂಪ್ ಇರುತ್ತದೆ, ಅದನ್ನೇ ನಂಬಿ. ಸ್ಕ್ರೀನ್ ಆರಿದ ಮೇಲೂ ಎಣಿಸಬೇಕಾದರೆ ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸಿಕೊಂಡು ಓಡುತ್ತಲೇ ಇರುವ ಆ್ಯಪ್‌ನ ಭಾಗ) ಬೇಕು, ಪ್ರೊಸೆಸರ್ ಮಲಗದ ಹಾಗೆ ವೇಕ್ ಲಾಕ್ ಕೂಡ ಬೇಕು.

ಕೋರ್ ಮೋಷನ್ ಬರೆಯೋಕೆ ಅಚ್ಚುಕಟ್ಟು. ಮ್ಯಾನೇಜರ್ ಒಂದೇ ಇಟ್ಟುಕೊಂಡು, ಎಷ್ಟು ಹೊತ್ತಿಗೊಮ್ಮೆ ಬೇಕು ಅಂತ ಹೇಳಿದರೆ ಆಯ್ತು. ಗುರುತ್ವವನ್ನು ಬೇರೆ ಮಾಡಿ, ನಮ್ಮ ಅಲುಗಾಟವನ್ನು ಬೇರೆ ಮಾಡಿ ಕೊಡುವ ಇದರ ಡಿವೈಸ್ ಮೋಷನ್ (ಬ್ರೌಸರ್‌ನ ಈವೆಂಟ್ ಅಲ್ಲ) ನನಗೆ ಬಹಳ ಹಿಡಿಸಿತು. ಆದರೆ ಫೋನ್ ಲಾಕ್ ಆಗಿ ಆ್ಯಪ್ ಮಲಗಿತೋ, ಅಂಕಿ ನಿಲ್ಲುತ್ತದೆ.

ಈಗ ನನ್ನ ಎರಡು ಸಂಜೆ ತಿಂದ ವಿಷಯ. ಎರಡೂ ಫೋನನ್ನು ಮೇಜಿನ ಮೇಲೆ ಸ್ಕ್ರೀನ್ ಮೇಲೆ ಮಾಡಿ ಸುಮ್ನೆ ಮಲಗಿಸಿ. ಆಂಡ್ರಾಯ್ಡ್‌ನಲ್ಲಿ ಝಡ್ ಸುಮಾರು +9.8 ತೋರಿಸುತ್ತದೆ. ಕೋರ್ ಮೋಷನ್‌ನಲ್ಲಿ ಸುಮಾರು -1. ಒಂದು ಕಡೆ ಲೆಕ್ಕ ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ, ಇನ್ನೊಂದು ಕಡೆ ಗುರುತ್ವದ ಪಟ್ಟಿನಲ್ಲಿ. ಚಿಹ್ನೆಯೂ ತಿರುಗುಮುರುಗು. ಬ್ರೌಸರಿಗೆ ಹೋದರೂ ತಪ್ಪಿದ್ದಲ್ಲ: ಸಫಾರಿಗೂ ಆಂಡ್ರಾಯ್ಡ್ ಕ್ರೋಮ್‌ಗೂ ಅಳತೆ ಒಂದೇ, ಚಿಹ್ನೆ ಮಾತ್ರ ಉಲ್ಟಾ.

ಆಮೇಲೆ ಫೋನನ್ನು ದಿಂಬಿನ ಮೇಲೆ ಬೀಳಿಸಿ ನೋಡಿದೆ. ಗಾಳಿಯಲ್ಲಿದ್ದಷ್ಟು ಹೊತ್ತು ಮೂರೂ ಅಂಕಿ ಸೊನ್ನೆಯ ಹತ್ತಿರ, ದಿಂಬಿಗೆ ತಾಗಿದಾಗ ಒಮ್ಮೆಗೇ ಜಿಗಿತ. ನೆಗೆಯುವಾಗ ಆಗುವುದೂ ಇದೇ ಅಲ್ವಾ! ಹಾಗಾಗಿ ಮೂರೂ ಅಂಕಿಯ ವರ್ಗ ಕೂಡಿಸಿ ವರ್ಗಮೂಲ ತೆಗೆದೆ. ಚಿಹ್ನೆಯ ಗೊಂದಲ ಅಲ್ಲಿಗೆ ಮುಗಿಯಿತು, ಜೇಬಿನಲ್ಲಿ ಫೋನ್ ಹೇಗೆ ತಿರುಗಿಕೊಂಡಿದ್ದರೂ ನಡೆಯುತ್ತದೆ. ಅಳತೆಯೊಂದನ್ನು ಸರಿಮಾಡಿಕೊಂಡರೆ ಸಾಕು.

ಫ್ಲಟರ್‌ನ ಸೆನ್ಸರ್ಸ್ ಪ್ಲಸ್ ಪ್ಯಾಕೇಜ್ ಚಿಹ್ನೆ, ಅಳತೆ ಎರಡನ್ನೂ ತಾನೇ ಒಂದೇ ಮಾಡಿ ಕೊಡುತ್ತದೆ. ಸ್ಯಾಂಪ್ಲಿಂಗ್ ಅವಧಿ (ಎಷ್ಟು ಹೊತ್ತಿಗೊಮ್ಮೆ ಅಂಕಿ ಬೇಕು ಅನ್ನುವುದು) ಮಾತ್ರ ನೀವೇ ಹೇಳಬೇಕು, ಇಲ್ಲದಿದ್ದರೆ ಅಲ್ಲೂ ಅದೇ 200 ಮಿಲಿಸೆಕೆಂಡ್.

ಫೋನ್ ಕೈಯಲ್ಲಿ ಹಿಡಿದು ಓರೆ ಮಾಡಿ ಆಡುವ ಆಟವಾದರೆ ನಾನು ಬ್ರೌಸರನ್ನೇ ಆರಿಸುತ್ತೇನೆ, ಬೇರೆ ಯೋಚನೆಯೇ ಬೇಡ. ನೆಗೆತದ ಎಣಿಕೆಗೆ ಆಂಡ್ರಾಯ್ಡ್ ನೇಟಿವ್‌ನಲ್ಲೇ ನಿಂತೆ. ಒಂದು ಬಡಿತ ಸಿಕ್ಕ ಮೇಲೆ 250 ಮಿಲಿಸೆಕೆಂಡ್ ಒಳಗೆ ಬರುವ ಇನ್ನೊಂದನ್ನು ಬಿಟ್ಟುಬಿಡುತ್ತೇನೆ, ಜೇಬಿನೊಳಗೆ ಫೋನ್ ಕುಲುಕಿದ್ದೂ ನೆಗೆತವಾಗಿ ಸೇರಬಾರದಲ್ಲ.