ಸೋಗಾನೆ ಹತ್ತಿರದ ಮಾಡೆಲ್ ವಿಮಾನದ ಮೈದಾನ: ಮುಚ್ಚಿದೆ, ಆದರೂ ಐದು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಜಾಗ ಈಗ ಇಲ್ಲ. ಗೇಟಿಗೆ ಬೀಗ ಬಿದ್ದಿದೆ, ರನ್‌ವೇ ಇದ್ದ ಕಡೆ ಅಡಿಕೆ ಸಸಿ ನೆಟ್ಟಿದ್ದಾರೆ. ಹುಡುಕಿಕೊಂಡು ಹೋಗಬೇಡಿ. ಆದರೂ ಬರೆಯುತ್ತಿದ್ದೇನೆ. ರಿಮೋಟ್ ವಿಮಾನ ಹಾರಿಸೋಕೆ ಶಿವಮೊಗ್ಗದ ಸುತ್ತಮುತ್ತ ಇಷ್ಟು ಅಚ್ಚುಕಟ್ಟಾದ ಜಾಗ ನಾನು ಇನ್ನೊಂದು ಕಂಡಿಲ್ಲ.

ಜಮೀನು ಒಬ್ಬರು ರೈತರ ಸ್ವಂತದ್ದು. ಅವರಿಗೆ ಚಿಕ್ಕಂದಿನಿಂದ ವಿಮಾನದ ಹುಚ್ಚು. ಗದ್ದೆಯ ಬದು ಒಡೆದು, ನೆಲ ಮಟ್ಟ ಮಾಡಿ, ನೂರು ಮೀಟರಿನಷ್ಟು ಉದ್ದಕ್ಕೆ ಹುಲ್ಲು ಬೆಳೆಸಿ ರನ್‌ವೇ ಮಾಡಿದ್ದರು. ಹುಲ್ಲು ಯಾವಾಗ ನೋಡಿದರೂ ಗಿಡ್ಡವಾಗಿಯೇ ಇರುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಫೋಮ್ ವಿಮಾನದ ಚಕ್ರ ಎಷ್ಟಿರುತ್ತದೆ ಹೇಳಿ, ಹುಲ್ಲು ಸ್ವಲ್ಪ ಎತ್ತರ ಆದರೂ ಸಿಕ್ಕಿಕೊಂಡು ಮೂಗು ನೆಲಕ್ಕೆ ಬಡಿದು ಪ್ರೊಪೆಲ್ಲರ್ ಮುರಿಯುತ್ತದೆ.

ರನ್‌ವೇ ಪೂರ್ವ-ಪಶ್ಚಿಮವಾಗಿತ್ತು. ನಮ್ಮ ಕಡೆ ವರ್ಷದಲ್ಲಿ ಬಹಳ ದಿನ ಗಾಳಿ ಬೀಸುವುದು ಪಡುವಣದಿಂದ ಅಲ್ವಾ, ಚಳಿಗಾಲದಲ್ಲಿ ಮೂಡಣದಿಂದ ಬಂದರೆ ಇನ್ನೊಂದು ತುದಿಯಿಂದ ಶುರು ಮಾಡಿದರಾಯಿತು, ಹೇಗೂ ಗಾಳಿಗೆ ಎದುರಾಗಿಯೇ ಏರಬಹುದು, ಇಳಿಯಬಹುದು. ಹಾರಿಸುವವರು ನಿಲ್ಲುವ ಜಾಗ ದಕ್ಷಿಣದ ಅಂಚಿನಲ್ಲಿ. ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇದನ್ನೆಲ್ಲ ಯೋಚಿಸಿ ಮಾಡಿದ ಮನುಷ್ಯ ಅವರು.

ಶಿಸ್ತು ಜಾಸ್ತಿ ಇತ್ತು, ನನಗೆ ತುಂಬಾ ಇಷ್ಟವಾಗಿದ್ದು ಅದೇ. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡೋಕೆ ಶೆಡ್‌ನಿಂದ ದೂರ ಒಂದು ಕಲ್ಲುಚಪ್ಪಡಿ, ಪಕ್ಕದಲ್ಲಿ ಮರಳಿನ ಬಕೆಟ್. ಉಬ್ಬಿದ ಬ್ಯಾಟರಿ ತಂದರೆ ಎಷ್ಟೇ ಹಳೇ ಪರಿಚಯ ಇದ್ದರೂ ಹಾರಿಸೋಕೆ ಬಿಡುತ್ತಿರಲಿಲ್ಲ. ಹೊಸಬರಿಗೆ ಎರಡು ರಿಮೋಟ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಕಲಿಸುತ್ತಿದ್ದರು. ಮಗುವಿನ ಕೈಯಲ್ಲಿ ವಿಮಾನ ಅಡ್ಡಾದಿಡ್ಡಿ ಆಯಿತು ಅಂದರೆ ಒಂದು ಸ್ವಿಚ್ ಬಿಟ್ಟರೆ ಸಾಕು, ಹತೋಟಿ ಅವರ ಕೈಗೆ. ಬೈಯುತ್ತಿರಲಿಲ್ಲ. "ಇನ್ನೊಂದ್ಸಲ ಮೇಲೆ ತಗೊಂಡು ಹೋಗು ಪುಟ್ಟಾ" ಅಂತ ಮತ್ತೆ ಕೊಡುತ್ತಿದ್ದರು. ದೊಡ್ಡವರಿಗೆ ದಿನಕ್ಕೆ ನೂರು ರೂಪಾಯಿ, ಶಾಲೆ ಮಕ್ಕಳಿಗೆ ದುಡ್ಡಿಲ್ಲ. ಪಕ್ಕದ ತೋಟದಲ್ಲಿ ಅಡಿಕೆ ಸೋಗೆಗೆ ವಿಮಾನ ಸಿಕ್ಕಿಕೊಂಡರೆ ದೋಟಿ ತಂದು ತಾವೇ ಇಳಿಸುತ್ತಿದ್ದರು. ದೋಟಿಗೂ ಎಟುಕದಿದ್ದರೆ ಅಡಿಕೆ ಕೊನೆ ಕೊಯ್ಯುವವರು ಬರುವ ತನಕ ಕಾಯಬೇಕು, ಮರ ಹತ್ತೋಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ.

ಕೊರತೆಗಳೂ ಇದ್ದವು. ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ, ಇದಂತೂ ಇರಲೇಬೇಕಿತ್ತು. ಕೊನೆಯ ದಾರಿ ಪೂರ್ತಿ ಮಣ್ಣು, ಕಾರಿನ ತಳ ತಾಗುತ್ತಿತ್ತು. ಮಳೆಗಾಲದಲ್ಲಿ ಬಂದ್.

ಮುಚ್ಚಿದ್ದು ಯಾಕೆ ಅಂದರೆ, ಪಕ್ಕದಲ್ಲೇ ನಿಜವಾದ ವಿಮಾನ ನಿಲ್ದಾಣ ಬಂತು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಶುರುವಾಯಿತು. 3,200 ಮೀಟರಿನ ರನ್‌ವೇ. ನಮಗೆಲ್ಲ ಹೆಮ್ಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ 2021ರ ಡ್ರೋನ್ ನಿಯಮ ಪ್ರಕಾರ ನಿಲ್ದಾಣದ ಸುತ್ತ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಈ ಮೈದಾನ ಅದರೊಳಗೆ ಬಂತು. ಯಾರೂ ಬಂದು ನಿಲ್ಲಿಸಿ ಅನ್ನಲಿಲ್ಲ, ಅವರೇ ನಿಲ್ಲಿಸಿದರು. "ಜನ ಕೂತಿರೋ ವಿಮಾನ ಇಳಿಯೋ ಜಾಗ, ನಮ್ಮ ಆಟ ಬೇಡ" ಅಂದರು. ಸರಿಯಾದ ನಿರ್ಧಾರ. ನನಗೆ ಬೇಜಾರೂ ಆಯಿತು, ಅವರ ಮೇಲಿನ ಗೌರವವೂ ಹೆಚ್ಚಿತು.

ಈಗ ಹುಡುಗರು ಕಾಲೇಜು ಮೈದಾನ, ಖಾಲಿ ಲೇಔಟ್ ಅಂತ ಅಲ್ಲಿ ಇಲ್ಲಿ ಹಾರಿಸುತ್ತಿದ್ದಾರೆ. ಕರೆಂಟ್ ತಂತಿ, ಓಡಾಡುವ ಜನ, ಕೇಳುವವರಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಹೋಗುವ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಎತ್ತರದ ತನಕ, ಅದರಾಚೆ ನಕ್ಷೆಯಲ್ಲಿ ಹಸಿರು ಬಣ್ಣದ ವಲಯದಲ್ಲಿ 400 ಅಡಿ ತನಕ ಅನುಮತಿ ಕೇಳದೆ ಹಾರಿಸಬಹುದು. ಕುಂಸಿ ಕಡೆ ಹೋದರೆ ಈ ದೂರದ ತೊಂದರೆಯೇ ಇಲ್ಲ.

ಆ ಕಡೆ ಒಂದೆರಡು ಎಕರೆ ಬಯಲು ಇರುವವರು, ಬೇಸಿಗೆಯಲ್ಲಿ ಭಾನುವಾರ ಮಾತ್ರ ಬಿಟ್ಟುಕೊಟ್ಟರೂ ಸಾಕು, ಹೇಳಿ. ನೆಲ ಮಟ್ಟ ಮಾಡುವ ಖರ್ಚು ನಾವು ಕೆಲವರು ಹಾಕಿಕೊಳ್ಳುತ್ತೇವೆ. ಕಲಿಸುವ ಕೇಬಲ್ಲು, ಹುಲ್ಲು ಕತ್ತರಿಸುವ ಯಂತ್ರ ಎರಡನ್ನೂ ಕೊಡುತ್ತೇನೆ ಅಂತ ಆ ಹಳೇ ಮೈದಾನದ ಯಜಮಾನರು ಹೇಳಿದ್ದಾರೆ.